ಹದಿಹರೆಯದ ಮಕ್ಕಳು ಮೈಮರೆತು ತೊಡಗುವುದು ಯಾವಾಗ?

ನಿಮ್ಮ ಮಗ ಪುಸ್ತಕದ ಮುಂದೆ ಹತ್ತು ನಿಮಿಷ ಕೂರುವುದಿಲ್ಲ, ಆದರೆ ಹಳೆಯ ರೇಡಿಯೋ ಬಿಚ್ಚಿಕೊಂಡು ಕೂತರೆ ಊಟವನ್ನೂ ಮರೆಯುತ್ತಾನೆ, ಇದೇಕೆ ಎಂದು ಕೇಳಿದ್ದೀರಿ. ಬಹಳ ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನಾಗಿ ನನಗೆ ತೋಚಿದ್ದನ್ನು ಹೇಳುತ್ತೇನೆ.

ಇಂಥ ತಲ್ಲೀನತೆಯನ್ನು ಹಂಗೇರಿ ಮೂಲದ ಮನಃಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 'ಫ್ಲೋ' ಎಂದು ಕರೆದರು. ಅವರೂ ಸಂಶೋಧಕ ರೀಡ್ ಲಾರ್ಸನ್ ಅವರೂ ಶಿಕಾಗೋ ಬಳಿಯ 75 ಪ್ರೌಢಶಾಲಾ ವಿದ್ಯಾರ್ಥಿಗಳ ಕೈಗೆ ಒಂದು ವಾರ ಪೇಜರ್ (ದೂರದಿಂದ ಸಂಕೇತ ಕಳಿಸಿದಾಗ ಸದ್ದು ಮಾಡುವ ಪುಟ್ಟ ಸಾಧನ) ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಗಳಿಗೆಯ ಕೆಲಸವನ್ನೂ ಮನಃಸ್ಥಿತಿಯನ್ನೂ ಬರೆಯಿಸಿದರು. 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನನ್ನನ್ನು ತಟ್ಟಿದ ಅಂಶವೆಂದರೆ, ತರಗತಿಯಲ್ಲಿ ಮಕ್ಕಳು ಗಮನ ಕೊಡುತ್ತಿದ್ದರೂ ಅಲ್ಲಿರಲು ಅವರಿಗೆ ಮನಸ್ಸಿರಲಿಲ್ಲ. ಟಿವಿಯ ಮುಂದೆ ಮನಸ್ಸಿತ್ತು, ಗಮನ ಸಡಿಲವಾಗಿತ್ತು. ಆಟ, ಸಂಗೀತ, ಹವ್ಯಾಸಗಳಲ್ಲಿ ಮಾತ್ರ ಎರಡೂ ಒಟ್ಟಿಗೆ ಕೂಡಿಬರುತ್ತಿದ್ದವು.

ಇಂಥ ತಲ್ಲೀನತೆ ಮೂಡಬೇಕಾದರೆ ಕೆಲಸವು ಕೈಗೆಟುಕುವಷ್ಟು ಕಷ್ಟವಾಗಿರಬೇಕು, ಗುರಿ ಸ್ಪಷ್ಟವಿರಬೇಕು, ಸರಿಯೋ ತಪ್ಪೋ ಎಂಬುದು ಆಗಲೇ ತಿಳಿಯಬೇಕು. ಇವುಗಳಲ್ಲಿ ಮೂರನೆಯದರ ತೂಕವನ್ನು ನನಗೆ ತೋರಿಸಿಕೊಟ್ಟವಳು ಮೃದಂಗ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಊಟದ ವಿರಾಮದಲ್ಲಿ ಡೆಸ್ಕಿನ ಮೇಲೆ ಮಿಶ್ರಛಾಪು ತಾಳ ಹಾಕುತ್ತಾ ಅವಳು ಮುಕ್ತಾಯವೊಂದನ್ನು, ಅಂದರೆ ನುಡಿಕೆಯನ್ನು ಮುಗಿಸುವ ಸೊಲ್ಲುಕಟ್ಟನ್ನು, ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಏಳು ಅಕ್ಷರಗಳ (ಎಣಿಕೆಗಳ) ಆ ಆವರ್ತದಲ್ಲಿ ಅದು ಸಮಕ್ಕೆ, ಅಂದರೆ ಸುತ್ತಿನ ಮೊದಲ ಪೆಟ್ಟಿಗೆ, ಬೀಳದೆ ಅರ್ಧ ಅಕ್ಷರ ಜಾರಿದರೂ ಕೈ ತಾನೇ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು; ಗಂಟೆ ಹೊಡೆದದ್ದು ಕೇಳಿಸುತ್ತಿರಲಿಲ್ಲ. ಅದೇ ಹುಡುಗಿ ಬೀಜಗಣಿತದ ಲೆಕ್ಕದಲ್ಲಿ ಎಲ್ಲಿ ಎಡವಿದಳೆಂದು ನಾನು ತಿಳಿಸುತ್ತಿದ್ದುದು ಹದಿನೈದು ದಿನಗಳ ಮೇಲೆ, ಕೆಂಪು ಶಾಯಿಯಲ್ಲಿ. ಅವಳ ಬೇಸರಕ್ಕೆ ನಾನೂ ಕಾರಣನೆಂಬುದು ಆಗ ಅರಿವಾಗಿ ನನಗೆ ನಿಜಕ್ಕೂ ನೋವಾಯಿತು. ಅಂದಿನಿಂದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ಅಲ್ಲೇ ತಾಳೆ ನೋಡುವುದನ್ನು ಮೊದಲು ಕಲಿಸತೊಡಗಿದೆ. ಎಲ್ಲರೂ ಬದಲಾಗಲಿಲ್ಲ, ಆದರೆ ಕೆಲವರು ಗಂಟೆಯಾದ ಮೇಲೂ ಪೆನ್ನು ಕೆಳಗಿಡುತ್ತಿರಲಿಲ್ಲ.

ಮೊಬೈಲ್ ಆಟದಲ್ಲಿಯೂ ಗುರಿ ಮತ್ತು ತಕ್ಷಣದ ಫಲಿತಾಂಶ ಇರುವುದರಿಂದ ಅಲ್ಲಿನ ತಲ್ಲೀನತೆ ಸುಳ್ಳಲ್ಲ; ಆದರೆ ಬೇರೆ ಕೆಲಸದ ನಡುವೆ ಫೋನ್ ಪದೇ ಪದೇ ಸದ್ದು ಮಾಡಿದರೆ ಕೂಡಿಬಂದ ಲಯ ಮುರಿಯುತ್ತದೆ.

ಮನೆಯ ಪಾತ್ರವೂ ದೊಡ್ಡದು. ಚಿಕ್ಸೆಂಟ್‌ಮಿಹಾಯಿ ತಂಡವು ಮುಂದೆ ಸುಮಾರು 200 ಪ್ರತಿಭಾವಂತ ಹದಿಹರೆಯದವರನ್ನು ಅಭ್ಯಸಿಸಿದಾಗ, ಅಕ್ಕರೆಯ ಆಸರೆ ಮತ್ತು ಎತ್ತರದ ನಿರೀಕ್ಷೆ ಎರಡೂ ಇದ್ದ ಮನೆಗಳ ಮಕ್ಕಳು ಹೆಚ್ಚು ಮನಸ್ಸಿಟ್ಟು ತೊಡಗುತ್ತಿದ್ದುದು ಕಂಡಿತು.

ಪರೀಕ್ಷೆ ಮುಗಿಯುವವರೆಗೆ ರೇಡಿಯೋವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಯೋಚನೆ ಇದೆ ಎಂದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇಂದು ಸಂಜೆ ಅವನ ಪಕ್ಕ ಕೂತು, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಅವನಿಂದಲೇ ಹೇಳಿಸಿಕೊಳ್ಳಿ. ವಿದ್ಯುತ್ ಪಾಠದ ಮಂಡಲದ ಚಿತ್ರವನ್ನು ನಾಳೆ ಅದೇ ಮೇಜಿನ ಮೇಲೆ ತೆರೆದಿಡಬಹುದು.