ಹಿತ್ತಲಿನ ಸಂಡಾಸ ಒಡೆಸೋ ಮುಂಚೆ ಇಷ್ಟು ನೋಡಿ

ಪ್ರಶ್ನೆ: ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಸಂಡಾಸ ಹಿತ್ತಲಲ್ಲಿದೆ. ಅಲ್ಲಿ ನಳ ಇಲ್ಲ, ಬ್ಯಾರಲ್ ತುಂಬಿಟ್ಟು ತಂಬಿಗೆಯಿಂದ ನೀರು ತಗೊಳ್ತೀವಿ. ಕೈ ತೊಳೆಯೋದು ಒಳಗೆ ಬಚ್ಚಲಲ್ಲಿ. ಕಾರ್ಪೊರೇಷನ್ ನೀರು ವಾರಕ್ಕೊಮ್ಮೆ, ಕೆಲವು ಸಲ ಇನ್ನೂ ತಡ. ಮೂರು ವರ್ಷದ ಮೊಮ್ಮಗನಿಗೆ ಮೇಲಿಂದ ಮೇಲೆ ಭೇದಿ. ಎಲ್ಲ ಒಡೆದು ಟೈಲ್ಸ್ ಹಾಕಿ ಹೊಸದು ಕಟ್ಟಿಸೋಣ ಅಂತಾನೆ ಮಗ. ಭೇದಿ ಸಂಡಾಸದಿಂದಲೇ ಬರ್ತಿದೆ ಅಂತ ತಿಳಿಯೋದು ಹೇಗೆ?

ಉತ್ತರ: ಟೈಲ್ಸ್ ಹಾಕಿದ್ರೆ ಭೇದಿ ನಿಲ್ಲಲ್ಲ ಅಮ್ಮ. ಮಗನಿಗೆ ಸ್ವಲ್ಪ ತಡಿ ಅನ್ನಿ. ಸಂಡಾಸ ಹಳೇದು ಅನ್ನೋದು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಅಲ್ಲಿಂದ ಹೊಲಸು ಯಾವ ದಾರಿಯಲ್ಲಿ ಬಾಯಿಗೆ ಬರುತ್ತೆ ಅನ್ನೋದನ್ನ ನೋಡಬೇಕು. ನಿಮ್ಮ ಪತ್ರ ಓದಿದರೆ ನನಗೆ ಮೊದಲ ಅನುಮಾನ ಆ ಬ್ಯಾರಲ್ ಮೇಲೆ.

ಒಂದು ದಿನ ಸುಮ್ನೆ ಗಮನಿಸಿ. ತೊಳೆದುಕೊಂಡವರು ಅದೇ ಕೈಯಲ್ಲಿ ತಂಬಿಗೆ ಹಿಡಿದು ಮತ್ತೆ ಬ್ಯಾರಲ್‌ಗೆ ಅದ್ದುತ್ತಾರೆ. ಬೆರಳು ನೀರಿಗೆ ತಾಗುತ್ತೆ. ಆಮೇಲೆ ಬಾಗಿಲ ಚಿಲಕ, ಹಿತ್ತಲ ಬಾಗಿಲು, ಬಚ್ಚಲಿನ ನಳ, ಎಲ್ಲ ಮುಟ್ಟಿಯೇ ಸೋಪಿನ ಹತ್ತಿರ ಬರೋದು. ಕೈ ತೊಳೆದು ಆ ನಳವನ್ನೇ ತಿರುಗಿಸಿ ಬಂದ್ ಮಾಡ್ತಾರೆ. ಅಂದ್ರೆ ತೊಳೆದ ಕೈಗೆ ತೊಳೆಯದ ಕೈಯ ಹೊಲಸು ಮತ್ತೆ ಅಂಟಿತು. ಅದೇ ಬ್ಯಾರಲ್ ನೀರಲ್ಲಿ ಆಟ ಮುಗಿಸಿ ಬಂದ ಮಗುವಿನ ಕೈಕಾಲು, ಬಾಯಿ ತೊಳೆಸ್ತಾರೆ ಅಲ್ವಾ? ದಾರಿ ಸಿಕ್ಕಿತು ನೋಡಿ.

ಇದಕ್ಕೆ ಖರ್ಚು ಬಹಳ ಕಡಿಮೆ. ಬ್ಯಾರಲ್‌ಗೆ ಕೆಳಗೆ ಒಂದು ನಳ ಕೂರಿಸಿ, ಮೇಲೆ ಮುಚ್ಚಳ ಹಾಕಿ. ಒಳಗೆ ಯಾರೂ ಕೈ ಅದ್ದಬಾರದು. ಸಂಡಾಸದ ಬಾಗಿಲಿಗೆ ತಾಗಿದಂತೆ ಹೊರಗೆ ಕೈ ತೊಳೆಯೋಕೆ ಇನ್ನೊಂದು ಸಣ್ಣ ಡ್ರಮ್ ಇಡಿ. ಅದಕ್ಕೆ ಮೊಣಕೈಯಿಂದ ತಳ್ಳೋ ಹಿಡಿಕೆಯ ನಳ ಹಾಕಿಸಿ. ಸೋಪನ್ನ ತಟ್ಟೆಯಲ್ಲಿಟ್ಟರೆ ನೀರಲ್ಲಿ ನೆನೆದು ಲೋಳೆ ಆಗುತ್ತೆ, ಯಾರೂ ಮುಟ್ಟಲ್ಲ. ಬಲೆಯ ಚೀಲದಲ್ಲಿ ಹಾಕಿ ತೂಗುಬಿಡಿ. ಇಲ್ಲಾಂದ್ರೆ ಬಾಟಲಿಯಲ್ಲಿ ನೀರಿಗೆ ಸ್ವಲ್ಪ ಬಟ್ಟೆ ಸೋಪಿನ ಪುಡಿ ಕಲಸಿ ಮುಚ್ಚಳಕ್ಕೆ ತೂತು ಹಾಕಿಡಿ, ಅದೂ ನಡೆಯುತ್ತೆ. 20 ಸೆಕೆಂಡ್ ಉಜ್ಜಬೇಕು, ಉಗುರಿನ ಸಂದಿ ಸೇರಿ. ಬಾಗಿಲ ಹಿಂದೆ ಸದಾ ಒದ್ದೆಯಾಗಿ ನೇತಾಡೋ ಮನೆಮಂದಿಯ ಟವೆಲ್ ತೆಗೆದುಬಿಡಿ. ಕೈ ಹಾಗೇ ಆರಲಿ.

ಎರಡನೇದು ಕುಡಿಯೋ ನೀರು. ವಾರಕ್ಕೊಮ್ಮೆ ನೀರು ಬಿಡೋ ಊರಲ್ಲಿ ಉಳಿದ ದಿನ ಪೈಪ್ ಖಾಲಿ. ಖಾಲಿ ಪೈಪಿನ ಸೀಳಿನಿಂದ ಹೊರಗಿನ ಹೊಲಸು ಒಳಗೆ ಸೇರುತ್ತೆ. ನಿಮ್ಮ ಮನೆ ಮುಂದೆ ಗಟಾರದಲ್ಲಿ ಬಗ್ಗಿ ನೋಡಿ. ಮನೆಗೆ ಬರೋ ಕಬ್ಬಿಣದ ಪೈಪು ಗಟಾರದೊಳಗಿಂದಲೇ ಹಾದುಬಂದಿದ್ದರೆ, ಅದರ ಮೇಲೆ ತುಕ್ಕಿದ್ದರೆ, ಸಂಡಾಸಕ್ಕಿಂತ ಮೊದಲು ಆ ಪೈಪ್ ಬದಲಿಸಿ. ನಳಕ್ಕೇ ನೇರ ಮೋಟಾರ್ ಹಚ್ಚಿ ಎಳೀತೀರಾ? ಹಾಗಿದ್ರೆ ಗಟಾರದ ನೀರನ್ನೂ ನೀವೇ ಎಳ್ಕೊಳ್ತಿದ್ದೀರಿ. ನೀರು ಬಂದಾಗ ಮೊದಲು ಬರೋ ಕಲಕು ನೀರು ತುಂಬಬೇಡಿ, ಅಂಗಳಕ್ಕೆ ಬಿಡಿ. ಕುಡಿಯೋದನ್ನ ಕುದಿಸಿ, ಉದ್ದ ಹಿಡಿಕೆಯ ಸೌಟಿನಿಂದ ತಗೊಳ್ಳಿ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. 24 ಗಂಟೆ ನೀರು ಬರೋ ವಾರ್ಡುಗಳಲ್ಲಿ ಟೈಫಾಯ್ಡ್ ಕಡಿಮೆ ಕಂಡಿತು, ಬಡವರ ಮನೆ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಬರೀ ನೀರು ಸರಿಯಾದರೆ ಸಾಲದು ಅಂತಲೇ ನಾನು ಕೈ ತೊಳೆಯೋದನ್ನ ಇಷ್ಟು ಉದ್ದ ಬರೆದೆ. ವಾರಗಟ್ಟಲೆ ನಿಂತ ನೀರಲ್ಲಿ ಡೆಂಗಿ ಸೊಳ್ಳೆಯೂ ಬೆಳೆಯುತ್ತೆ, ಮೊಟ್ಟೆ ಬ್ಯಾರಲ್‌ನ ಗೋಡೆಗೆ ಅಂಟಿರುತ್ತೆ. ಹೊಸ ನೀರು ತುಂಬೋ ಮುಂಚೆ ಬ್ರಷ್‌ನಿಂದ ತಿಕ್ಕಿ.

ಈಗ ಸಂಡಾಸ. ಪ್ಯಾನಿನ ಕೆಳಗಿನ ಬಾಗಿನಲ್ಲಿ ನೀರು ನಿಲ್ಲುತ್ತಾ? ನಿಂತರೆ ವಾಸನೆ, ಜಿರಲೆ ಮೇಲೆ ಬರಲ್ಲ. ಆಮೇಲೆ ಹೊಲಸು ಎಲ್ಲಿಗೆ ಹೋಗುತ್ತೆ ಅನ್ನೋದು. ಹಳೇ ಮನೆಗಳಲ್ಲಿ ಇದು ಯಾರಿಗೂ ಗೊತ್ತಿರಲ್ಲ, ಕಟ್ಟಿಸಿದ ಅಜ್ಜನಿಗೇ ಗೊತ್ತು! ಬಟ್ಟೆಗೆ ಹಾಕೋ ನೀಲಿ ಧಾರಾಳವಾಗಿ ಕಲಸಿ ಎರಡು ಬಕೆಟ್ ನೀರು ಪ್ಯಾನಿಗೆ ಸುರಿಯಿರಿ. ಸ್ವಲ್ಪ ಹೊತ್ತಿಗೆ ಗಟಾರದಲ್ಲಿ ನೀಲಿ ಕಂಡರೆ ಹೊಲಸು ನೇರ ಬೀದಿಗೇ ಹೋಗ್ತಿದೆ ಅಂತ ಅರ್ಥ. ಆಗ ಖರ್ಚು ಮಾಡಲೇಬೇಕು, ಬೀದಿಯಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಲೈನ್ ಇದ್ದರೆ ಅದಕ್ಕೆ ಜೋಡಿಸಬೇಕು. ಗುಂಡಿ ಇದ್ದರೆ ನಮ್ಮ ಕಡೆಯ ಎರೆಮಣ್ಣನ್ನ, ಅಂದ್ರೆ ಕಪ್ಪು ಜಿಗುಟು ಮಣ್ಣನ್ನ, ನೆನಪಿಡಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಪೈಪು ಮತ್ತು ಗೋಡೆ ಸೀಳುತ್ತೆ, ನೀರನ್ನೂ ಬೇಗ ಇಂಗಿಸಲ್ಲ. ಮಳೆ ಬಂದಾಗೆಲ್ಲ ಪ್ಯಾನಲ್ಲಿ ನೀರು ಇಳಿಯದೆ ನಿಂತರೆ ಕಾರಣ ಅದೇ. ಗುಂಡಿ ತುಂಬಿದ್ರೆ ಸಕ್ಕಿಂಗ್ ಮಷೀನ್ ಕರೆಸಿ. ಯಾವ ಕಾರಣಕ್ಕೂ ಒಳಗೆ ಮನುಷ್ಯನನ್ನ ಇಳಿಸಬೇಡಿ. ಗ್ಯಾಸಿಗೆ ನಿಮಿಷದಲ್ಲಿ ಜೀವ ಹೋಗುತ್ತೆ, ರಕ್ಷಣಾ ಸಾಧನ ಇಲ್ಲದೆ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ಇನ್ನೊಂದು ಮಾತು, ನೀವು ಬರೆದಿಲ್ಲ, ಆದರೂ ಕೇಳ್ತೀನಿ. ರಾತ್ರಿ ಹಿತ್ತಲಿಗೆ ಹೋಗೋಕೆ ಲೈಟ್ ಇದೆಯಾ? ಕತ್ತಲಿಗೆ ಹೆದರಿ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯೋದು ಬಿಡ್ತಾರೆ, ಮೂತ್ರ ತಡೆಯುತ್ತಾರೆ, ಉರಿಮೂತ್ರ ಶುರುವಾಗುತ್ತೆ. ವಯಸ್ಸಾದವರು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಸೊಂಟ ಮುರ್ಕೊಳ್ತಾರೆ. ಟೈಲ್ಸ್ ದುಡ್ಡಲ್ಲಿ ಒಂದು ಬಲ್ಬು, ಗೋಡೆಗೆ ಒಂದು ಹಿಡಿಕೆ ಮೊದಲು ಆಗಲಿ.

ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕುಡಿಸಿ, ಡಾಕ್ಟರು ಜಿಂಕ್ ಕೊಟ್ಟರೆ ಭೇದಿ ನಿಂತರೂ 14 ದಿನ ಪೂರ್ತಿ ಮಾಡಿ. ಮಲದಲ್ಲಿ ರಕ್ತ ಬಂದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯೋದೇ ಬಿಟ್ಟರೆ ಮನೆಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಂಗನವಾಡಿಯಲ್ಲಿ ಕೊಡೋ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮ ಬೋರು ಸಂಡಾಸದ ಗುಂಡಿಯಿಂದ 15 ಅಡಿ ಕೂಡ ಇಲ್ಲ. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ಕುಡಿಯಬಹುದಾ?

ಉತ್ತರ: ಪರೀಕ್ಷೆ ಮಾಡಿಸೋವರೆಗೆ ಬೇಡ. ಕನಿಷ್ಠ 10 ಮೀಟರ್, ಅಂದ್ರೆ 33 ಅಡಿ ದೂರ ಇರಬೇಕು, ಕೆಳಗೆ ಬಿರುಕು ಬಂಡೆ ಇದ್ದರೆ ಅದೂ ಸಾಲದು. ನೀರು ಪರೀಕ್ಷಿಸೋಕೆ ಎಚ್‌ಟುಎಸ್ ಬಾಟಲಿ ಅಂತ ಬರುತ್ತೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿರೋ ಕಡೆ ಇಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲದ ಕ್ರಿಮಿ ಸೇರಿರೋ ಸಾಧ್ಯತೆ ಹೆಚ್ಚು. ಕಪ್ಪಾಗದಿದ್ದರೂ ಜಿಲ್ಲಾ ಪ್ರಯೋಗಾಲಯದಲ್ಲಿ ನೈಟ್ರೇಟ್ ನೋಡಿಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದ್ರೆ ಗುಂಡಿಯ ನೀರು ಸೇರ್ತಿರಬಹುದು, ಹಸುಗೂಸಿಗೆ ಆ ನೀರಲ್ಲಿ ಹಾಲು ಕಲಸಿ ಕೊಡಲೇಬಾರದು. ಗದಗ ಜಿಲ್ಲೆ ಅಂದಮೇಲೆ ಫ್ಲೋರೈಡ್ ಕೂಡ ಜೊತೆಗೇ ನೋಡಿಸಿಬಿಡಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಆದರೆ ನೈಟ್ರೇಟ್, ಫ್ಲೋರೈಡ್ ಹೋಗಲ್ಲ. ರಿಪೋರ್ಟ್ ಬರೋವರೆಗೆ ಬೋರಿನ ನೀರು ಬಟ್ಟೆ, ನೆಲ, ಸಂಡಾಸಕ್ಕೆ ಇರಲಿ.