ಆಫ್ರಿಕಾದ ಹಳ್ಳಿಯಲ್ಲಿ ಸ್ವಯಂಸೇವಕರಾಗಿ ಇದ್ದವರ ದಿನ ಹೇಗಿರುತ್ತದೆ?

ನೀವು ಒಂದು ವರ್ಷ ಹೋಗಬೇಕು ಅಂದುಕೊಂಡಿದ್ದೀರಿ, ದಿನಚರಿ ಹೇಗಿರುತ್ತದೆ ಅಂತ ಕೇಳಿದ್ದೀರಿ. ಆಫ್ರಿಕಾ ದೊಡ್ಡದು. ನನಗೆ ಗೊತ್ತಿರುವುದು ತಾಂಜಾನಿಯಾದ ಒಂದೇ ಊರು. ಕಿಲಿಮಂಜಾರೊ ತಪ್ಪಲಲ್ಲಿ, ಮೋಶಿ ಪಟ್ಟಣದಿಂದ ಮೇಲಕ್ಕೆ. ಅಲ್ಲಿನ ಸೆಕೆಂಡರಿ ಶಾಲೆಯಲ್ಲಿ ಒಂದು ವರ್ಷ ಗಣಿತ ಹೇಳಿಕೊಟ್ಟೆ.

ಮೊದಲ ವಾರವೇ ಮರ್ಯಾದೆ ಹೋಯಿತು. ಮೀಟಿಂಗ್ 'ಸಾ ತಾನೊ'ಗೆ ಅಂದರು. ತಾನೊ ಅಂದರೆ ಐದು, ಅಷ್ಟು ಕಲಿತಿದ್ದೆ. ಸಂಜೆ 5ಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೆ ಕಾವಲುಗಾರ ಬಿಟ್ಟು ಯಾರೂ ಇಲ್ಲ. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ 7 ಅವರಿಗೆ 1, ನಮ್ಮ 11 ಅವರಿಗೆ 5. ನಮ್ಮಜ್ಜ ಹೊತ್ತು ಹುಟ್ಟಿದಾಗಿನಿಂದ ಗಳಿಗೆ ಎಣಿಸುತ್ತಿದ್ದ. ಅದು ನೆನಪಾಗಿದ್ದು ಮೀಟಿಂಗ್ ತಪ್ಪಿದ ಮೇಲೆ.

ಶಾಲೆಗೆ ಬಾಳೆ, ಕಾಫಿ ತೋಟಗಳ ನಡುವೆ 20 ನಿಮಿಷದ ದಾರಿ. ಆದರೆ 20 ನಿಮಿಷಕ್ಕೆ ಮುಟ್ಟಿದ ದಿನವೇ ಇಲ್ಲ. ಹಿರಿಯರು ಸಿಕ್ಕರೆ 'ಶಿಕಮೂ' ಅನ್ನಬೇಕು, ಅವರು 'ಮರಹಬಾ' ಅಂತಾರೆ. 'ನಿಮ್ಮ ಕಾಲು ಹಿಡಿಯುತ್ತೇನೆ' ಅನ್ನುವುದು 'ಶಿಕಮೂ' ಪದದ ಮೂಲವಂತೆ. ಆಮೇಲೆ ಮನೆ, ಮಕ್ಕಳು, ಕೆಲಸ ಎಲ್ಲಾ ವಿಚಾರಿಸಬೇಕು. ಗಡಿಬಿಡಿಯಲ್ಲಿ ಸುಮ್ನೆ ದಾಟಿ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಊಟಕ್ಕೆ ಉಗಾಲಿ. ನಾನು ಹಾವೇರಿ ಕಡೆಯವನು. ನಾವು ಗೋವಿನಜೋಳ ಬೆಳೆದು ಮಾರಿಬಿಡ್ತೀವಿ, ಕೋಳಿ ತಿನ್ನುತ್ತೆ. ಅಲ್ಲಿ ಅದರದೇ ಹಿಟ್ಟಿನ ಗಟ್ಟಿ ಸಂಗಟಿ, ಜೊತೆಗೆ ಹರಿವೆ ಸೊಪ್ಪು ಇಲ್ಲವೇ ಹುರುಳಿಕಾಯಿ ಬೀಜದ ಸಾರು. ಬೆಳಿಗ್ಗೆ ರಾಗಿಯ 'ಉಜಿ', ಅಂದರೆ ನಮ್ಮ ಅಂಬಲಿಯೇ. ರಾಗಿ ಭಾರತಕ್ಕೆ ಬಂದಿದ್ದೇ ಪೂರ್ವ ಆಫ್ರಿಕಾದ ಕಡೆಯಿಂದ. ಅಲ್ಲಿನ ಚಗ್ಗಾ ಜನ ಅದೇ ರಾಗಿ, ಬಾಳೆಹಣ್ಣು ಹಾಕಿ 'ಎಂಬೆಗೆ' ಅನ್ನೋ ಹೆಂಡ ಮಾಡುತ್ತಾರೆ. ಅದನ್ನೂ ಅಂಬಲಿ ಅಂದುಕೊಂಡು ಕುಡಿದ ಕಥೆ ಇಲ್ಲಿ ಬೇಡ.

ಪಾಠದ ವಿಷಯಕ್ಕೆ ಬರ್ತೀನಿ. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಸ್ವಾಹಿಲಿಯಲ್ಲಿ ಓದಿರುತ್ತಾರೆ. ಸೆಕೆಂಡರಿಯ ಮೊದಲ ದಿನದಿಂದ ಎಲ್ಲಾ ಇಂಗ್ಲಿಷ್. 'ಅರ್ಥವಾಯಿತಾ' ಅಂತ ಕೇಳಿದೆ. 'ಯೆಸ್ ಸರ್' ಅಂತ ಇಡೀ ಕ್ಲಾಸು ಕೂಗಿತು. ಟೆಸ್ಟ್ ಕೊಟ್ಟರೆ ಅರ್ಧಕ್ಕರ್ಧ ಖಾಲಿ ಹಾಳೆ. ನನಗೆ ಮೊದಲೇ ಹೊಳೆಯಬೇಕಿತ್ತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿ ಪಿಯುಸಿ ಸೈನ್ಸ್‌ಗೆ ಹೋದ ನಾನೂ ಆರು ತಿಂಗಳು ಹೀಗೇ 'ಯೆಸ್ ಸರ್' ಅಂದವನು.

ಹಾಗಾಗಿ ಸಂಜೆ ನನಗೆ ಪಾಠ. ನಾನಿದ್ದ ಮನೆಯ ಹುಡುಗಿ ಏಳನೇ ಕ್ಲಾಸು, ಅವಳೇ ಮೇಷ್ಟ್ರು. ತ್ರಿಕೋನಕ್ಕೆ 'ಪೆಂಬೆತಾತು' ಅಂದಳು. ಪೆಂಬೆ ಅಂದರೆ ಮೂಲೆ, ತಾತು ಅಂದರೆ ಮೂರು. ನಮ್ಮ ಹಾಗೇ ಅಲ್ವಾ! ಲೆಕ್ಕಕ್ಕೆ 'ಹೆಸಾಬು', ಪುಸ್ತಕಕ್ಕೆ 'ಕಿತಾಬು', ಸುದ್ದಿಗೆ 'ಹಬಾರಿ'. ಹಿಸಾಬು, ಖಬರು ಅಂತ ಆಡುವ ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ಬೋರ್ಡ್ ನಡುವೆ ಗೆರೆ ಎಳೆದು ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಸ್ವಾಹಿಲಿ ಬರೆಯತೊಡಗಿದೆ. ನನ್ನ ಉಚ್ಚಾರಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರು. ವರ್ಷದಲ್ಲಿ ನಾನು ಮಾಡಿದ ನಿಜವಾದ ಕೆಲಸ ಅಂದರೆ ಅದೊಂದೇ. ಉಳಿದ ಹೊತ್ತು ಬಟ್ಟೆ ಒಗೆಯೋದು, ನೀರು ತರೋದು, ಕರೆಂಟಿನ ಪ್ರಿಪೇಯ್ಡ್ ಮೀಟರ್‌ಗೆ ದುಡ್ಡು ಹಾಕೋದು.

ಎರಡು ವಾರಕ್ಕೆ ಹೋಗಿ ಪಾಠ ಮಾಡ್ತೀನಿ ಅನ್ನುವವರಿಗೆ ನಾನು ಬೇಡ ಅಂತೀನಿ. ಹೆಸರು ಕಲಿಯುವಷ್ಟರಲ್ಲಿ ವಾಪಸ್ ಬರಬೇಕಾಗುತ್ತದೆ. ನಿಮಗೆ ಒಂದು ವರ್ಷ ಇದೆ, ಒಳ್ಳೆಯದು. ತಾಂಜಾನಿಯಾ ಆದರೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ. ಸ್ವಯಂಸೇವಕರಿಗೆ 'ಕ್ಲಾಸ್ ಸಿ' ರೆಸಿಡೆನ್ಸ್ ಪರ್ಮಿಟ್ ಇದೆ, ಕರೆಸಿಕೊಳ್ಳುವ ಸಂಸ್ಥೆ ಅದನ್ನು ಮಾಡಿಸಿಕೊಡುತ್ತದೆಯೇ ಅಂತ ಮೊದಲೇ ಕೇಳಿ. ಮತ್ತೆ ಯಾರಾದರೂ ಟೈಮ್ ಹೇಳಿದರೆ, ಯಾವ ಲೆಕ್ಕದ್ದು ಅಂತಲೂ ಕೇಳಿಬಿಡಿ.