ಮಟ್ಟು ಶರ್ಮರದು, ನಿಜ

ಸಂಗೀತ ಪಾಠ ಹೇಳುವ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರನ್ನು ದೊಡ್ಡ ಸಂಗೀತ ವಿದ್ವಾಂಸರೆಂದು ನೆನೆದಿದ್ದೀರಿ. ಅವರು ಅನ್ನಮಾಚಾರ್ಯರ ಕೀರ್ತನೆಗಳಿಗೆ ತಾವೇ ರಾಗ ಹಾಕಿದವರು. ಅದು ಸಂಶೋಧನೆ ಹೇಗಾಗುತ್ತದೆ? ಕಛೇರಿಯಲ್ಲಿ ನಾವು ಕೇಳುತ್ತಿರುವುದು ಅನ್ನಮಾಚಾರ್ಯರನ್ನೋ, ಶರ್ಮರನ್ನೋ?”

ಪ್ರಶ್ನೆಯಲ್ಲಿ ಸ್ವಲ್ಪ ಖಾರ ಇದೆ, ಇರಲಿ. ನೇರ ಉತ್ತರ ಮೊದಲು ಕೊಡುತ್ತೇವೆ. ಸಾಹಿತ್ಯ ಅನ್ನಮಾಚಾರ್ಯರದು, ಮಟ್ಟು, ಅಂದರೆ ಅದನ್ನು ಹಾಡುವ ರಾಗದ ಧಾಟಿ, ಶರ್ಮರದು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ‘ತಾವೇ ಹಾಕಿದವರು’ ಎಂದು ನೀವು ಬರೆದಿರುವ ಧಾಟಿ ನೋಡಿದರೆ, ಸುಮ್ನೆ ಕೂತು ತೋಚಿದ ಹಾಗೆ ಹಾಡಿಬಿಟ್ಟರು ಅನ್ನುವಂತಿದೆ. ನಮ್ಮ ತಕರಾರು ಅಲ್ಲಿ.

ಅವರ ಕೈಗೆ ಬಂದದ್ದು ಏನು, ನೋಡಿ. ತಿರುಪತಿ ವೆಂಕಟೇಶ್ವರನ ಮೇಲೆ ತೆಲುಗಿನಲ್ಲಿ ಹಾಡು ಕಟ್ಟಿದ ಅನ್ನಮಾಚಾರ್ಯರ ಕಾಲ 1408ರಿಂದ 1503. ಅವರು 32,000 ಕೀರ್ತನೆ ರಚಿಸಿದರೆಂದು ಪ್ರತೀತಿ; ಸಿಕ್ಕಿರುವುದು 12,000ಕ್ಕೂ ಹೆಚ್ಚು. ಮನೆತನದವರು ಅವನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಿದರು. ತಿರುಮಲೆಯ ದೇವಸ್ಥಾನದ ಒಂದು ಸಣ್ಣ ಕಲ್ಲುಕೋಣೆಯಲ್ಲಿ ಅವು ಶತಮಾನಗಟ್ಟಲೆ ಉಳಿದವು. 20ನೇ ಶತಮಾನದಲ್ಲಿ ಓದಲು ಕೂತಾಗ ಹಾಡಿನ ತಲೆಯ ಮೇಲೆ ರಾಗದ ಹೆಸರು ಇತ್ತು. ಅಷ್ಟೇ. ಸ್ವರ ಇಲ್ಲ. ಹಾಡಿ ತೋರಿಸಬಲ್ಲ ಶಿಷ್ಯಪರಂಪರೆಯೂ ಹೆಚ್ಚುಕಡಿಮೆ ನಿಂತುಹೋಗಿತ್ತು.

ರಾಗದ ಹೆಸರು ಸಿಕ್ಕಿತಲ್ಲ, ಇನ್ನೇನು ಬೇಕು ಅಂತ ನೀವು ಕೇಳಬಹುದು. ಮುಖಾರಿಯನ್ನೇ ತೆಗೆದುಕೊಳ್ಳಿ. ಆ ತಗಡುಗಳಲ್ಲಿ ಮತ್ತೆ ಮತ್ತೆ ಬರುವ ರಾಗ ಅದು. ನೀವು ಪಾಠ ಮಾಡುವ ಮುಖಾರಿ ಖರಹರಪ್ರಿಯದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಚತುಶ್ರುತಿ ರಿಷಭ, ಎರಡು ಬಗೆಯ ಧೈವತ. ಆದರೆ ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯನ್ನು ತೆರೆದರೆ ಅಲ್ಲಿ ಮುಖಾರಿಯೇ ಮೊದಲ ಮೇಳ (ರಾಗಗಳು ಹುಟ್ಟುವ ಮೂಲ ಸ್ವರಗುಂಪು), ಏಳೂ ಶುದ್ಧಸ್ವರ. ಈಗಿನ ಲೆಕ್ಕಕ್ಕೆ ಅವು ಕನಕಾಂಗಿ ಎಂಬ ಬೇರೆಯೇ ರಾಗದ ಸ್ವರಗಳು! ಅನ್ನಮಾಚಾರ್ಯರು ತೀರಿಕೊಂಡು ಆಗ ಐವತ್ತು ವರ್ಷವೂ ಆಗಿರಲಿಲ್ಲ. ಹಾಗಾದರೆ ಅವರು ಹಾಡಿದ್ದು ಯಾವ ಮುಖಾರಿ? ವೆಂಕಟಮಖಿ 72 ಮೇಳಗಳ ಲೆಕ್ಕ ಹಾಕಿದ್ದು ಇನ್ನೂ ಆಮೇಲೆ, 17ನೇ ಶತಮಾನದಲ್ಲಿ. ಬರೀ ಹೆಸರನ್ನು ನಂಬಿ ಹೊರಟವರು ಅರ್ಧ ದಾರಿಯಲ್ಲೇ ನಿಲ್ಲಬೇಕು. ಮುಂದೆ ಹೋಗಲು ಲಕ್ಷಣಗ್ರಂಥ, ಅಂದರೆ ಹಳೆಯ ಸಂಗೀತಶಾಸ್ತ್ರದ ಪುಸ್ತಕ, ಓದುವಷ್ಟು ಸಂಸ್ಕೃತ ಬೇಕು, ಹಾಡಿ ನೋಡುವ ಗಂಟಲು ಬೇಕು, ಹಳೆಯ ತೆಲುಗೂ ಬೇಕು.

ತೆಲುಗು ಯಾಕೆ ಅಂದರೆ, ಕೆತ್ತುವವರ ಕೈ ತಪ್ಪುತ್ತದೆ. ಒಂದಕ್ಷರ ಬಿಟ್ಟುಹೋದರೆ ಮಾತ್ರೆ ಕೆಡುತ್ತದೆ. ಮಾತ್ರೆ ಕೆಟ್ಟರೆ ತಾಳ ಕೂರುವುದಿಲ್ಲ. ಎಲ್ಲಿ ಕೆಟ್ಟಿದೆ ಅನ್ನುವುದು ಛಂದಸ್ಸು ಬಲ್ಲವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಸಾಲು ಐದೈದು ಮಾತ್ರೆಯ ನಡೆಯಲ್ಲಿದ್ದರೆ ಖಂಡ ಛಾಪು ತಾಳ ಹೊಂದುತ್ತದೆ. ಮೂರು-ನಾಲ್ಕರ ನಡೆಯಾದರೆ ಮಿಶ್ರ ಛಾಪು. ಅಂದರೆ ಸಾಹಿತ್ಯದ ಪಾಠ ತಿದ್ದುವುದೂ ಮಟ್ಟು ಹಾಕುವುದೂ ಇಲ್ಲಿ ಒಂದೇ ಕೆಲಸ. ಇದು ಸಂಶೋಧನೆ ಅಲ್ಲದಿದ್ದರೆ ಇನ್ಯಾವುದು ಸ್ವಾಮಿ?

ಇಷ್ಟೂ ಒಬ್ಬರಲ್ಲೇ ಸೇರುವುದು ಅಪರೂಪ. ಶರ್ಮರಲ್ಲಿ ಸೇರಿತ್ತು. 1893ರಲ್ಲಿ ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿದವರು. ಸಂಸ್ಕೃತ ಕಲಿತದ್ದು ಮೈಸೂರಿನ ಪರಕಾಲ ಮಠದ ಸ್ವಾಮಿಗಳ ಹತ್ತಿರ, ಸಂಗೀತ ಬಿಡಾರಂ ಕೃಷ್ಣಪ್ಪನವರಲ್ಲಿ. ಶಿಕ್ಷಣತಜ್ಞ, ತೆಲುಗು ವಿಮರ್ಶಕ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ಕಣ್ಣಿಗೆ ಬಿದ್ದು, 1912ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಂಡಿತರಾದರು. 1949ರವರೆಗೆ ಅಲ್ಲೇ ಇದ್ದರು. ತೆಲುಗಿನವರು ಅಂತ ನಾವು ದೂರ ಇಡುವ ಹಾಗೂ ಇಲ್ಲ. ಸಂಗೀತದ ಬಗ್ಗೆ ಅವರ ‘ಗಾನಕಲೆ’ ಇರುವುದು ಕನ್ನಡದಲ್ಲಿ.

ನಿವೃತ್ತಿಯಾದ ಮೇಲೆ ತಿರುಪತಿಗೆ ಹೋದರು. ಆ ಕೀರ್ತನೆಗಳನ್ನು ಸಂಪುಟಗಳಾಗಿ ಅಚ್ಚಿಗೆ ತರುವ ಕೆಲಸದಲ್ಲಿ ತೊಡಗಿದ್ದ ವೇಟೂರಿ ಪ್ರಭಾಕರ ಶಾಸ್ತ್ರಿಗಳು 1950ರಲ್ಲಿ ತೀರಿಕೊಂಡಾಗ ಮುಂದಿನ ಸಂಪುಟಗಳ ಹೊರೆ ಇವರ ಮೇಲೆ ಬಿತ್ತು. ಸುಮಾರು ನೂರು ಕೀರ್ತನೆಗಳಿಗೆ ಸ್ವರ ಹಾಕಿ ಕೊಟ್ಟರು. ಸಿಕ್ಕ ರಾಶಿಗೆ ಹೋಲಿಸಿದರೆ ನೂರು ತೀರಾ ಕಡಿಮೆ. ರಾಗ ಹಾಕುವ ಚಪಲ ಮಾತ್ರ ಇದ್ದವರು ಅಲ್ಲಿಗೆ ನಿಲ್ಲುತ್ತಿರಲಿಲ್ಲ ಅಂತ ನಮಗನ್ನಿಸುತ್ತದೆ. 1974ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಜಾಸ್ತಿ ಕಛೇರಿ ಕಲಾವಿದರಿಗೇ ಹೋಗುವ ಗೌರವ ಅದು. 1979ರಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಅದರಲ್ಲಿ ನಾವು ನಿಮ್ಮ ಕಡೆಗೇ. ಕಛೇರಿಯಲ್ಲಿ ರಾಗ ಹೇಳುತ್ತಾರೆ, ತಾಳ ಹೇಳುತ್ತಾರೆ, ‘ಅನ್ನಮಾಚಾರ್ಯರ ಕೃತಿ’ ಅನ್ನುತ್ತಾರೆ, ಮುಗಿಯಿತು. ಶರ್ಮರ ಮಟ್ಟು, ಗಾಯಕ ನೇದುನೂರಿ ಕೃಷ್ಣಮೂರ್ತಿಯವರ ಮಟ್ಟು, ಆಮೇಲಿನವರ ಮಟ್ಟು ಎಲ್ಲ ಕಲಸಿಹೋಗುತ್ತವೆ. ಕೇಳುವವರು ಎಲ್ಲವನ್ನೂ 15ನೇ ಶತಮಾನದ ಸಂಗೀತ ಅಂದುಕೊಂಡು ಮನೆಗೆ ಹೋಗುತ್ತಾರೆ. ಇದು ಅನ್ನಮಾಚಾರ್ಯರಿಗೂ ಅನ್ಯಾಯ, ಮಟ್ಟು ಹಾಕಿದವರಿಗೂ ಅನ್ಯಾಯ. ನಮ್ಮ ದಾಸರ ಪದಗಳ ಕತೆಯೂ ಇದೇ ಅಲ್ವಾ? ಒಂದೇ ದೇವರನಾಮವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಪುರಂದರದಾಸರ ಹೆಸರು ಉಳಿದಿದೆ. ರಾಗ ಕೂರಿಸಿದ ಎಷ್ಟೋ ಜನರ ಹೆಸರು ಅಳಿಸಿಹೋಗಿದೆ. ಶರ್ಮರ ವಿಷಯದಲ್ಲಾದರೂ ಹಾಗಾಗುವುದು ಬೇಡ. ಅವರ ಕೆಲಸಕ್ಕೆ ಅಚ್ಚಾದ ದಾಖಲೆ ಇದೆ.

ಮುಂದಿನ ಸಂಚಿಕೆಯಿಂದ ನಮ್ಮ ಕಛೇರಿ ವಿಮರ್ಶೆಗಳಲ್ಲಿ ಮಟ್ಟು ಹಾಕಿದವರ ಹೆಸರೂ ಬರುತ್ತದೆ. ವಿಮರ್ಶಕರಿಗೆ ಹೇಳಿದ್ದೇವೆ, ಒಬ್ಬರು ಆಗಲೇ ಗೊಣಗಿದ್ದೂ ಆಯಿತು. ನೀವು ಮಕ್ಕಳ ಪಾಠದ ಪುಸ್ತಕದಲ್ಲಿ ರಾಗ, ತಾಳ ಬರೆಸುವಾಗ ಅದರ ಕೆಳಗೆ ಇನ್ನೊಂದು ಸಾಲು ಬಿಡಿಸಿ, ಆ ಹೆಸರನ್ನೂ ಬರೆಸಿ.

— ಸಂ.